ಹೊರದೇಶದ ವಕೀಲರ ಪರಿಚಯ ಹೇಗೆ ಮಾಡ್ಕೋತೀರಿ? ದುಬೈ ಆರ್ಡರ್ ಒಂದು ಬಂದು ಕೂತಿದೆ

ಬೆಣ್ಣೆದೋಸೆ ವಕೀಲ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ 14 ವರ್ಷದಿಂದ ಸಿವಿಲ್ ಪ್ರಾಕ್ಟೀಸ್. ಪಾಲು ದಾವೆ, ಇಂಜಂಕ್ಷನ್, ಚೆಕ್ ಬೌನ್ಸು, ಅದರಾಚೆ ಹೋದವನಲ್ಲ. ಈಗ ಹರಿಹರ ಹತ್ರದ ಕಕ್ಷಿದಾರ ಒಬ್ಬ ಬಂದಿದಾನೆ, ದುಬೈನಲ್ಲಿ ಎಂಟು ವರ್ಷ ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿ ನಡೆಸಿದ್ದನಂತೆ, 2020ರಲ್ಲಿ ಕೊರೊನಾ ಟೈಮಲ್ಲಿ ಸಿಕ್ಕ ವಿಮಾನ ಹತ್ತಿ ಬಂದವನು ಮತ್ತೆ ಹೋಗ್ಲೇ ಇಲ್ಲ, ಬ್ಯಾಂಕ್ ಸಾಲ ಅಲ್ಲೇ ಉಳೀತು. ಬ್ಯಾಂಕಿನವರು ದುಬೈ ಕೋರ್ಟಲ್ಲಿ ಆರ್ಡರ್ ಮಾಡಿಸ್ಕೊಂಡು ಇಲ್ಲಿ ಜಿಲ್ಲಾ ಕೋರ್ಟಲ್ಲಿ ಸಿವಿಲ್ ಪ್ರೊಸೀಜರ್ ಕೋಡಿನ ಸೆಕ್ಷನ್ 44ಎ ಕೆಳಗೆ ಇಪಿ, ಅಂದ್ರೆ ಆ ಆರ್ಡರ್ ಇಲ್ಲೇ ಜಾರಿ ಮಾಡಿಸಿ ಅನ್ನೋ ಅರ್ಜಿ, ಹಾಕಿದಾರೆ. ಮನೆ ಅಟ್ಯಾಚ್ (ಜಪ್ತಿ) ಆಗೋ ಹಂತಕ್ಕೆ ಬಂದಿದೆ.

ಬೇರ್ ಆ್ಯಕ್ಟ್ ಓದ್ಕೊಂಡಿದೀನಿ. 2020ರ ಜನವರಿ 17ರ ನೋಟಿಫಿಕೇಶನ್ ಆದ್ಮೇಲೆ ಯುಎಇ ರೆಸಿಪ್ರೊಕೇಟಿಂಗ್ ಟೆರಿಟರಿ, ಅಂದ್ರೆ ಅಲ್ಲಿನ ಡಿಕ್ರಿ ಇಲ್ಲಿ ನೇರ ಜಾರಿ ಮಾಡಿಸಬಹುದಾದ ದೇಶ ಅಂತ ಗೊತ್ತು, ಸೆಕ್ಷನ್ 13ರ ಎಕ್ಸೆಪ್ಶನ್ನುಗಳೇ (ಹೊರದೇಶದ ತೀರ್ಪನ್ನ ಇಲ್ಲಿ ಒಪ್ಪದೆ ಇರೋ ಕಾರಣಗಳು) ನಮಗಿರೋ ದಾರಿ ಅಂತಾನೂ ಗೊತ್ತು. ಗೊತ್ತಿಲ್ದೆ ಇರೋದು ಅಲ್ಲಿ ಏನು ನಡೀತು ಅನ್ನೋದು. ಇವನಿಗೆ ಸಮನ್ಸ್ ಹೋಗಿತ್ತಾ, ಯಾವ ವಿಳಾಸಕ್ಕೆ, ಕೇಸ್ ನಡೀತಾ ಇಲ್ಲಾ ಸುಮ್ನೆ ಆರ್ಡರ್ ಆಯ್ತಾ. ಕೈಲಿರೋದು ಅರೇಬಿಕ್ ಕಾಗದ, ಜೊತೆಗೆ ಒಂದು ಕೆಟ್ಟ ಇಂಗ್ಲಿಷ್ ಅನುವಾದ.

ದುಬೈನ ಐದು ಫರ್ಮಿಗೆ ಮೇಲ್ ಹಾಕ್ದೆ. ಇಬ್ಬರು ಮಾತಾಡೋಕ್ಕೆ ಮುಂಚೆನೇ ದಿರ್ಹಂನಲ್ಲಿ ಫೀಸ್ ಹೇಳಿದ್ರು, ಆ ದುಡ್ಡಲ್ಲಿ ನನ್ನ ಕಕ್ಷಿದಾರ ಆರು ತಿಂಗಳು ಸಂಸಾರ ಮಾಡ್ತಾನೆ. ಒಬ್ಬರದ್ದು ಆಟೋ ರಿಪ್ಲೈ. ಇನ್ನಿಬ್ಬರದ್ದು ಅದೂ ಇಲ್ಲ. ನಿಮ್ಮಲ್ಲಿ ಕೆಲವರು ಹೊರದೇಶದ ವಕೀಲರ ಜೊತೆ ಸಲೀಸಾಗಿ ಮಾತಾಡ್ತೀರಲ್ಲ, ಆ ಪರಿಚಯ ಹೇಗೆ ಆಗುತ್ತೆ? ದೊಡ್ಡ ಫರ್ಮ್ ಹಿಂದೆ ಇಲ್ದೆ ಇರೋ ನನ್ನಂಥವನಿಗೆ ಆಗುತ್ತಾ? ಮುಂದಿನ ಡೇಟಿಗೆ 19 ದಿನ ಇದೆ.

ಜೂನಿಯರ್ 3ನೇ ವರ್ಷ:

ಸರ್ ಲಿಂಕ್ಡ್‌ಇನ್ ಪ್ರೀಮಿಯಂ ತಗೊಳ್ಳಿ, ನಾನು ಮೂರು ತಿಂಗಳಲ್ಲಿ 400 ಫಾರಿನ್ ಲಾಯರ್ಸ್ ಕನೆಕ್ಟ್ ಮಾಡ್ಕೊಂಡಿದೀನಿ.

ಹಳೇ ಕರಿಕೋಟು:

400 ಜನರಲ್ಲಿ ಎಷ್ಟು ಜನ ನಿನ್ನ ಫೋನ್ ಎತ್ತಾರೆ ತಮ್ಮಾ?

ಜೂನಿಯರ್ 3ನೇ ವರ್ಷ:

ಫೋನ್ ಇನ್ನೂ ಮಾಡಿಲ್ಲ ಸರ್.

ಕುಡ್ಲದ ಕರಿಕೋಟು (ಮೇಲಿನವರಿಗೂ ನನಗೂ ಸಂಬಂಧ ಇಲ್ಲ):

ಬೆಣ್ಣೆದೋಸೆಯವರೇ, ಮಂಗಳೂರಲ್ಲಿ ಇಂಥ ಕೇಸು ಈಗ ಮಾಮೂಲಿ ಆಗಿದೆ ಮಾರಾಯ್ರೇ. ಉಡುಪಿ, ಭಟ್ಕಳ, ನಮ್ಮೂರು, ಮನೆಗೊಬ್ಬ ಗಲ್ಫಲ್ಲಿ ಇದ್ದವನೇ, ಹಾಗಾಗಿ ಅಲ್ಲಿಯ ಸಾಲ ಇಲ್ಲಿಯ ಮನೆ ಬಾಗಿಲಿಗೆ ಬರ್ತದೆ. ನೀವು ಮೊದಲು ಎರಡು ವಿಷಯ ನೋಡಿ. ಒಂದು, ಅದು ದುಬೈ ಕೋರ್ಟ್ಸಿನದ್ದಾ ಡಿಐಎಫ್‌ಸಿ ಕೋರ್ಟಿನದ್ದಾ (ದುಬೈ ಹಣಕಾಸು ಕೇಂದ್ರದ ಬೇರೆಯೇ ಕೋರ್ಟು ಅದು). ಎರಡೂ ನೋಟಿಫಿಕೇಶನ್ನಲ್ಲಿ ಉಂಟು, ಆದ್ರೆ ಡಿಐಎಫ್‌ಸಿ ನಡೆಯೋದು ಇಂಗ್ಲಿಷಲ್ಲಿ, ಕಾಮನ್ ಲಾ ಪದ್ಧತಿ, ನಮ್ಗೆ ಓದಿದ್ರೆ ಅರ್ಥ ಆಗ್ತದೆ. ನಿಮ್ದು ಅರೇಬಿಕ್ ಅಂದ್ರೆ ದುಬೈ ಕೋರ್ಟ್ಸೇ ಇರ್ಬೇಕು. ಎರಡು, ಆ ಕೆಟ್ಟ ಅನುವಾದದಲ್ಲಿ ತಲೆಬರಹ ಎಂಥ ಉಂಟು? ಜಡ್ಜ್‌ಮೆಂಟ್ ಅಂತ ಉಂಟಾ ಬೇರೆ ಎಂಥಾದ್ರೂ ಉಂಟಾ? ನೋಡಿ ಹೇಳಿ.

ಪರಿಚಯದ ಪ್ರಶ್ನೆಗೆ: ನನಗೆ ದುಬೈನಲ್ಲಿ ಇಬ್ಬರು ಇದ್ದಾರೆ, ಇಬ್ಬರೂ ಲೀಗಲ್ ಕನ್ಸಲ್ಟೆಂಟ್. ಅಲ್ಲಿ ಮೇನ್‌ಲ್ಯಾಂಡ್ ಕೋರ್ಟಲ್ಲಿ (ದುಬೈ ಕೋರ್ಟ್ಸಲ್ಲಿ) ಎದ್ದು ನಿಂತು ವಾದ ಮಾಡೋದು ಸಾಮಾನ್ಯವಾಗಿ ಎಮಿರಾಟಿ ಅಡ್ವೊಕೇಟೇ, ನಮ್ಮವರು ಹಿಂದೆ ಕೂತು ಫೈಲ್ ತಯಾರು ಮಾಡೋದು. ಒಬ್ಬರು ನನ್ನ ಲಾ ಕಾಲೇಜಿನ ಸೀನಿಯರ್. ಇನ್ನೊಬ್ಬರು ಕೊಚ್ಚಿಯವರು, ಪರಿಚಯ ಆದದ್ದು ಹೇಗೆ ಗೊತ್ತುಂಟಾ, ಹತ್ತು ವರ್ಷದ ಹಿಂದೆ ಅವರು ಕಾಸರಗೋಡಿನ ಗಡಿಯಲ್ಲಿ ಒಂದು ಜಾಗದ ಕಾಗದಕ್ಕೆ ಅಲೀತಿದ್ರು, ಅರ್ಧ ದಾಖಲೆ ಹಳೇ ಕನ್ನಡದಲ್ಲಿ ಇತ್ತು, ನಾನು ಓದಿ ಒಂದು ಪುಟದಲ್ಲಿ ಬರೆದು ಕೊಟ್ಟೆ. ದುಡ್ಡು ತಗೊಳ್ಳಲಿಲ್ಲ, ಒಂದು ಪುಟಕ್ಕೆ ಎಂಥ ದುಡ್ಡು. ಅವತ್ತಿಂದ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿದ್ರೂ ಉತ್ತರ ಬರ್ತದೆ.

ಬೆಣ್ಣೆದೋಸೆ ವಕೀಲ:

ಸರ್ ಈಗಷ್ಟೇ ಫೈಲ್ ತೆಗೆದು ನೋಡ್ದೆ. ಮೇಲೆ "ಪರ್ಫಾರ್ಮೆನ್ಸ್ ಆರ್ಡರ್" ಅಂತಿದೆ. ನಾನು ಸ್ಪೆಸಿಫಿಕ್ ಪರ್ಫಾರ್ಮೆನ್ಸ್ (ಕರಾರಿನ ಪ್ರಕಾರ ನಡ್ಕೋ ಅನ್ನೋ ಡಿಕ್ರಿ) ಥರ ಏನೋ ಅನುವಾದಕ ಗೊಂದಲ ಮಾಡ್ಕೊಂಡಿದಾನೆ ಅಂತ ಬಿಟ್ಟಿದ್ದೆ.

ಕುಡ್ಲದ ಕರಿಕೋಟು:

ಅಯ್ಯೋ. ಅದೇ ನಿಮ್ಮ ಕೇಸು ಮಾರಾಯ್ರೇ! ನಾನು ಆ ಕೊಚ್ಚಿಯವರಿಗೆ ಕೇಳಿ ಹೇಳ್ತೇನೆ, ಇವತ್ತು ಶುಕ್ರವಾರ, ಅಲ್ಲಿ 2022ರಿಂದ ಶನಿವಾರ ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಸೋಮವಾರ ನೋಡುವ. ಕಕ್ಷಿದಾರನ ಹೆಸರು ಇಲ್ಲಿ ಹಾಕ್ಬೇಡಿ, ನನಗೂ ಕಳಿಸ್ಬೇಡಿ, ತಲೆಬರಹ ಮತ್ತು ಆರ್ಡರ್ ಎಷ್ಟು ಪುಟ ಉಂಟು ಅಷ್ಟು ಸಾಕು.

ಟ್ರೇಡ್‌ಮಾರ್ಕ್ ಮಾಮ:

ನಾನು ಬೆಂಗಳೂರಿನ ಟ್ರೇಡ್‌ಮಾರ್ಕ್ ಏಜೆಂಟ್. ನಮ್ಮ ಲೈನಲ್ಲಿ ಈ ಪರಿಚಯ ಅನ್ನೋದು ಬಹಿರಂಗ ವ್ಯಾಪಾರ, ಮುಚ್ಚುಮರೆ ಇಲ್ಲ. ನೀನು ನನಗೆ ಮೂರು ಫೈಲಿಂಗ್ ಕೊಟ್ಟೆ, ನಾನು ನಿನಗೆ ಒಂದೇ ಕೊಟ್ಟಿದೀನಿ ಅಂತ ಎಕ್ಸೆಲ್ ಶೀಟ್ ಇಟ್ಕೊಂಡು ಲೆಕ್ಕ ಹಾಕ್ತಾರೆ, ವರ್ಷದ ಕೊನೆಗೆ ಮೇಲ್ ಬರುತ್ತೆ, ನಮ್ಮ ನಿಮ್ಮ ಸಂಬಂಧ ಯಾಕೋ ಸಮ ಇಲ್ಲ ಅಂತ. ಮದುವೆ ಮುಯ್ಯಿ ಲೆಕ್ಕದ ಪುಸ್ತಕ ನೋಡಿದೀರಲ್ಲ, ಅದೇ.

ಅದರ ದೊಡ್ಡ ಜಾತ್ರೆ ಇಂಟಾ ಅಂತ. ನ್ಯೂಯಾರ್ಕಿನ ಸಂಸ್ಥೆ, 1878ರಲ್ಲಿ ಶುರುವಾಗಿದ್ದು, ವರ್ಷಕ್ಕೊಂದು ಊರಲ್ಲಿ ಸೇರ್ತಾರೆ. 2023ರಲ್ಲಿ ಸಿಂಗಾಪುರದಲ್ಲಿ ಆದಾಗ ಹತ್ತಿರ ಅಂತ ನಾನೂ ಹೋದೆ. ಅಲ್ಲಿ ಭಾಷಣ ಕೇಳೋರು ಕಮ್ಮಿ, ಅರ್ಧರ್ಧ ಗಂಟೆಗೆ ಒಬ್ಬೊಬ್ಬರನ್ನ ಭೇಟಿ ಮಾಡೋದೇ ಕೆಲಸ, ಬೆಳಿಗ್ಗೆಯಿಂದ ಸಂಜೆವರೆಗೆ ವಧುಪರೀಕ್ಷೆ ಥರ. ರಿಜಿಸ್ಟ್ರೇಷನ್ ಫೀಸ್ ಕಟ್ಟದೆ ಬರೀ ಹೋಟೆಲ್ ಲಾಬಿಯಲ್ಲಿ ಕೂತು ಕೆಲಸ ಮುಗಿಸೋ ಜನಾನೂ ಇದಾರೆ. 200 ಕಾರ್ಡ್ ತಗೊಂಡು ಹೋದೆ, ಎಲ್ಲಾ ಖಾಲಿ ಮಾಡ್ಕೊಂಡು ಅದಕ್ಕಿಂತ ಜಾಸ್ತಿ ತುಂಬ್ಕೊಂಡು ಬಂದೆ. ಇವತ್ತಿಗೆ ಅದರಲ್ಲಿ ಕೆಲಸಕ್ಕೆ ಬಂದಿದ್ದು ಒಂದು ಕಾರ್ಡು.

ಅದೂ ಮೀಟಿಂಗಲ್ಲಿ ಸಿಕ್ಕಿದ್ದಲ್ಲ. ಮಳೆ ಜೋರಾಗಿ ಬಂತು, ಎಂಆರ್‌ಟಿ ಸ್ಟೇಷನ್ ಹತ್ರ ನಿಂತಿದ್ವಿ, ಪಕ್ಕದಲ್ಲಿ ಕಠ್ಮಂಡುವಿನ ವಕೀಲೆ ಒಬ್ಬರು, ಇಬ್ಬರಿಗೂ ಛತ್ರಿ ಇಲ್ಲ. ಮುಕ್ಕಾಲು ಗಂಟೆ ಮಾತಾಡಿದ್ವಿ, ಕಾನೂನಲ್ಲ, ಅವರ ಊರಲ್ಲಿ ಕಸದ ಸಮಸ್ಯೆ ನಮ್ಮೂರಲ್ಲಿ ಕಸದ ಸಮಸ್ಯೆ. ಒಂದು ವರ್ಷ ಆದ್ಮೇಲೆ ಅವರೇ ಒಂದು ಫೋಟೋ ಕಳಿಸಿದ್ರು, ಇದು ನಿಮ್ಮ ಕಡೆಯ ಅಗರಬತ್ತಿ ಹೆಸರಲ್ವಾ, ಇಲ್ಲಿ ಯಾರೋ ತಮ್ಮ ಹೆಸರಿಗೆ ಅರ್ಜಿ ಹಾಕಿದಾರೆ, ಪ್ರಕಟ ಆಗಿದೆ ಅಂತ. ನೋಡ್ತೀನಿ, ಮಾಗಡಿ ರಸ್ತೆಯ ನನ್ನದೇ ಕಕ್ಷಿದಾರರ ಬ್ರ್ಯಾಂಡು! ಆಕ್ಷೇಪಣೆ ಹಾಕೋಕ್ಕೆ ಹನ್ನೊಂದು ದಿನ ಉಳಿದಿತ್ತು. ನೇಪಾಳ ಮ್ಯಾಡ್ರಿಡ್ ಪ್ರೋಟೊಕಾಲಲ್ಲಿ ಇಲ್ಲ, ಇಲ್ಲಿ ಕೂತು ಒಂದೇ ಅರ್ಜಿಯಲ್ಲಿ ಮುಗಿಸೋ ಹಾಗಿಲ್ಲ, ಕಠ್ಮಂಡುವಿನ ಡಿಪಾರ್ಟ್‌ಮೆಂಟ್ ಆಫ್ ಇಂಡಸ್ಟ್ರಿಯಲ್ಲೇ ಅಲ್ಲಿನವರ ಮೂಲಕ ಹಾಕ್ಬೇಕು, ರಿಜಿಸ್ಟ್ರೇಷನ್ನು 7 ವರ್ಷಕ್ಕೊಮ್ಮೆ ರಿನ್ಯೂ, ನಮ್ಮಲ್ಲಿ 10. ಅವರು ಆ ಫೋಟೋ ಕಳಿಸ್ದೆ ಇದ್ದಿದ್ರೆ ನಮಗೆ ಗೊತ್ತಾಗೋ ಹೊತ್ತಿಗೆ ಅಲ್ಲಿ ನಮ್ಮ ಮಾಲೇ ನಕಲಿ ಅನ್ನಿಸ್ಕೊಂಡಿರೋದು.

ಧಾರವಾಡ ಪೇಢೆ:

ಮಾಮಾ, ಹಂಗಾರ ಛತ್ರಿ ಮರತು ಹೋಗೂದ ನೆಟ್‌ವರ್ಕಿಂಗ್ ಅನ್ರಿ.

ಟ್ರೇಡ್‌ಮಾರ್ಕ್ ಮಾಮ:

ವಿಮಾನದ ಟಿಕೆಟ್ ದುಡ್ಡು ನೆನೆಸ್ಕೊಂಡ್ರೆ ದುಬಾರಿ ಛತ್ರಿ ಅದು.

ಲಂಡನ್ ತುಂತುರು:

ನಾನು ಮೂಲತಃ ಅಥಣಿ ಕಡೆಯವನು, ಇಲ್ಲಿ ಸಾಲಿಸಿಟರ್. ಧಾರವಾಡ ಪೇಢೆಯವರು ಇಲ್ಲಿ ತಮಾಷೆ ಮಾಡ್ತಾರೆ, ಆದ್ರೆ ಅವರ ಕೆಲಸದ ಕತೆ ಅವರೇ ಹೇಳಲ್ಲ, ನಾನು ಹೇಳ್ತೀನಿ. ಲೆಸ್ಟರಿನಲ್ಲಿ ತೀರಿಕೊಂಡ ಒಬ್ಬ ಅಜ್ಜನ ವಿಲ್ಲು. ಇಲ್ಲಿ ಪ್ರೊಬೇಟ್ ಆಯ್ತು, ಅಂದ್ರೆ ಕೋರ್ಟು ವಿಲ್ಲನ್ನ ದೃಢೀಕರಿಸ್ತು, ಆಸ್ತಿಯಲ್ಲಿ ಒಂದು ಬೆಳಗಾವಿ ಜಿಲ್ಲೆಯ ಹೊಲ. ಇಲ್ಲಿನ ಸಹೋದ್ಯೋಗಿ ನನ್ನ ಹತ್ರ ಬಂದು ನಿಮ್ಮ ಭಾಷೆ ಅಂತ ಕಾಗದ ಕೊಟ್ರೆ, ಅದು ಕನ್ನಡ ಅಲ್ಲ, ಮೋಡಿ ಅಕ್ಷರ, ಹಳೇ ಮರಾಠಿ ಬರವಣಿಗೆ. ನನಗೆ ಒಂದಕ್ಷರ ಬರಲ್ಲ. ಎಲ್ಲೋ ಒಂದು ಚರ್ಚೆಯಲ್ಲಿ ಪೇಢೆಯವರು ಹಳೇ ಮುಂಬೈ ಪ್ರಾಂತ್ಯದ ದಾಖಲೆ ಬಗ್ಗೆ ಬರೆದಿದ್ದು ನೆನಪಿತ್ತು, ಹುಡುಕಿ ಫೋನ್ ಮಾಡ್ದೆ.

ಧಾರವಾಡ ಪೇಢೆ:

ನಾ ಅಂದ್ಕೊಂಡೆ ಯಾರೋ ಫ್ರಾಡ್ ಇರ್ಬೇಕಂತ. ಲಂಡನ್ನಿಂದ ವಕೀಲ ಮಾತಾಡ್ತೀನಿ, ಆಸ್ತಿ ಐತಿ, ವಿಲ್ ಐತಿ ಅಂದ್ರ ಯಾರ್ ನಂಬ್ತಾರ್ರೀ! ಎರಡ ಸಲ ಫೋನ್ ಕಟ್ ಮಾಡೀನಿ. ಮೂರನೇ ಸಲಕ್ಕ ಅಥಣಿ ಕನ್ನಡದಾಗ ಬೈದ್ರು, ಆವಾಗ ನಂಬಿಕಿ ಬಂತು.

ಮೋಡಿ ಓದಾವ್ರು ಈಗ ಬೆರಳೆಣಿಕಿ ಮಂದಿ. ನಮ್ಮ ಓಣ್ಯಾಗ ಒಬ್ರು ರಿಟಾಯರ್ಡ್ ಮಾಸ್ತರ ಅದಾರ, ಕಣ್ಣು ಮಂಜಾಗ್ಯಾವ, ಭೂತಗನ್ನಡಿ ಹಿಡದು ಎರಡ ದಿನ ಕುಂತು ಓದಿ ಕೊಟ್ರು. ಅವ್ರಿಗೆ ಲಂಡನ್ನಿಂದ ಏನ್ ಬೇಕು ಅಂತ ಕೇಳಿದ್ರ ಒಂದ ಛಲೋ ಭೂತಗನ್ನಡಿ ಅಂದ್ರು. ಬಂತ್ ನೋಡ್ರಿ ಪಾರ್ಸಲ್, ದೀಪ ಇರೂದು. ಆಮ್ಯಾಲೆ ಇಂಡಿಯನ್ ಸಕ್ಸೆಷನ್ ಆ್ಯಕ್ಟಿನ 228ನೇ ಸೆಕ್ಷನ್ ಕೆಳಗ ಅಲ್ಲಿಯ ಪ್ರೊಬೇಟ್ ಆದ ವಿಲ್ಲಿನ ಅಧಿಕೃತ ಪ್ರತಿ ಇಟ್ಟು ಇಲ್ಲೆ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್ (ಆಸ್ತಿ ನೋಡ್ಕೊಳ್ಳೂ ಅಧಿಕಾರ ಪತ್ರ) ಅರ್ಜಿ ಹಾಕಿದ್ವಿ. ಆ ಕೇಸ್ ನಂದ ಆತು, ಫೀಸೂ ಬಂತು. ಆದ್ರ ಮೊದಲನೇ ಫೋನಿಗೆ ಫೀಸ್ ಕೇಳಿದ್ರ ಆ ಕೇಸ್ ಬರ್ತಿರ್ಲಿಲ್ಲ ಅಂತ ನನಗನಸ್ತೈತಿ.

ನ್ಯಾಯದೇಗುಲ ಮೆಟ್ಟಿಲು:

ಎಲ್ಲರೂ ಸಿಹಿ ಸಿಹಿ ಕತೆ ಹೇಳ್ತಿದೀರ, ನಾನು ಕಹಿ ಹೇಳ್ತೀನಿ, ಕೋಪ ಮಾಡ್ಕೋಬೇಡಿ. ಬೆಂಗಳೂರು ಫ್ಯಾಮಿಲಿ ಕೋರ್ಟಲ್ಲಿ ನನ್ನ ಪ್ರಾಕ್ಟೀಸ್, ಎನ್ಆರ್‌ಐ ಗಂಡ ಹೆಂಡ್ತಿ ಕೇಸುಗಳೇ ಜಾಸ್ತಿ. ಮೂರು ವರ್ಷದ ಹಿಂದೆ ಒಂದು ವಾಟ್ಸಾಪ್ ಗ್ರೂಪಲ್ಲಿದ್ದೆ, ಆರು ದೇಶದ ಫ್ಯಾಮಿಲಿ ಲಾಯರ್ಸು, 180 ಜನ. ನನ್ನ ಆಫೀಸಿನ ಹುಡುಗಿ ಅರ್ಜೆಂಟಲ್ಲಿ ಒಂದು ಪ್ರಶ್ನೆ ಹಾಕಿದ್ಲು: ತಾಯಿ ಮಗುನ ಕರ್ಕೊಂಡು ಇಂಥಾ ರಾಜ್ಯದಿಂದ ಬೆಂಗಳೂರಿಗೆ ಬಂದಿದಾಳೆ, ಮಗುಗೆ 6 ವರ್ಷ, ತಂದೆ ಇಂಥಾ ಕಡೆ ಕೆಲಸ, ಅಲ್ಲಿನ ಕೋರ್ಟಲ್ಲಿ ಅರ್ಜಿ ಹಾಕೋಕ್ಕೆ ಮುಂಚೆ ನಾವು ಇಲ್ಲಿ ಗಾರ್ಡಿಯನ್‌ಶಿಪ್ ಹಾಕಿದ್ರೆ ಹೇಗೆ ಅಂತ. ಹೆಸರು ಹಾಕಿರ್ಲಿಲ್ಲ. ಬೇಕಾಗಿರ್ಲಿಲ್ಲ ಕೂಡ. ತಂದೆಯ ವಕೀಲರು ಅದೇ ಗ್ರೂಪಲ್ಲಿ ಇದ್ರು. ಮಾರನೇ ದಿನವೇ ಅಲ್ಲಿ ಎಮರ್ಜೆನ್ಸಿ ಅರ್ಜಿ ಬಿತ್ತು, ಜೊತೆಗೆ ನಮ್ಮ ಮೆಸೇಜಿನ ಸ್ಕ್ರೀನ್‌ಶಾಟು.

ಮಕ್ಕಳ ಅಪಹರಣದ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹಾಗಾಗಿ ಇಂಥ ಕೇಸಲ್ಲಿ ಯಾರು ಎಲ್ಲಿ ಮೊದಲು ಹೋದ್ರು, ಮಗು ಎಲ್ಲಿ ಎಷ್ಟು ದಿನ ಬೇರೂರಿದೆ ಅನ್ನೋದೆಲ್ಲ ತೂಕಕ್ಕೆ ಬರುತ್ತೆ. ಒಂದು ದಿನ ಅಂದ್ರೆ ದೊಡ್ಡದು. ಕಕ್ಷಿದಾರರು ನಮ್ಮನ್ನ ಬಿಟ್ಟು ಹೋದ್ರು, ಸರಿಯಾಗೇ ಮಾಡಿದ್ರು. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ನು ಕಕ್ಷಿದಾರ ಹೇಳಿದ್ದನ್ನ ಹೊರಗೆ ಬಿಡಬಾರದು ಅನ್ನುತ್ತೆ, ವಾಟ್ಸಾಪಲ್ಲಿ ಕೇಳಿದ್ರೆ ಪರವಾಗಿಲ್ಲ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಕುಡ್ಲದವರು ಮೇಲೆ ಹೆಸರು ಹಾಕ್ಬೇಡಿ ಅಂದ್ರಲ್ಲ, ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳ್ತೀನಿ, ಬೆಣ್ಣೆದೋಸೆ ಸರ್, ನಿಮ್ಮ ಮೊದಲ ಪೋಸ್ಟಲ್ಲಿ ಹರಿಹರ, ಸ್ಪೇರ್ ಪಾರ್ಟ್ಸ್, ಎಂಟು ವರ್ಷ ಅಂತೆಲ್ಲ ಇದೆ, ಎದುರುಗಾರರ ವಕೀಲರು ದಾವಣಗೆರೆಯವರೇ ಆಗಿದ್ರೆ?

ಬೆಣ್ಣೆದೋಸೆ ವಕೀಲ:

ಮೇಡಂ, ಓದಿ ಬೆವರು ಬಂತು. ಊರು ಅಂಗಡಿ ಎಲ್ಲಾ ಬದಲಾಯಿಸಿ ಬರೆದಿದ್ದೆ ಅಂತ ಹೇಳೋಕ್ಕೆ ಸಂತೋಷ ಆಗ್ತಿದೆ, ಅದೊಂದು ಬುದ್ಧಿ ಬಂದಿತ್ತು. ಆದ್ರೆ ಇಪಿ ಹಂತ ಬರೀಬಾರ್ದಿತ್ತು.

ನ್ಯಾಯದೇಗುಲ ಮೆಟ್ಟಿಲು:

ಸಮಾಧಾನ ಆಯ್ತು. ಅಂದಹಾಗೆ ನಾನು ಗ್ರೂಪ್ ಬಿಟ್ಟೆ, ಜನರನ್ನ ಬಿಡ್ಲಿಲ್ಲ. ಅದರಲ್ಲಿ ನಾಲ್ಕು ಜನರ ಜೊತೆ ಈಗಲೂ ಮಾತಿದೆ. ಒಂದೊಂದು ಸಲ ಎದುರು ಪಾರ್ಟಿಯ ಫಾರಿನ್ ವಕೀಲರ ಪರಿಚಯ ಇದ್ರೆ ಅದೇ ದೊಡ್ಡ ಅನುಕೂಲ. ಇಬ್ಬರೂ ವಕೀಲರು, ಕಕ್ಷಿದಾರರನ್ನ ಕೇಳ್ಕೊಂಡೇ, ಫೋನಲ್ಲಿ ಕೂತು ಮಗು ಬೇಸಿಗೆ ರಜೆಗೆ ಎಲ್ಲಿ, ಪಾಸ್‌ಪೋರ್ಟ್ ಯಾರ ಹತ್ರ ಅಂತ ಮಾತಾಡಿ, ಅಲ್ಲಿನ ಕೋರ್ಟಲ್ಲೂ ಇಲ್ಲೂ ಒಂದೇ ಥರ ಕನ್ಸೆಂಟ್ ಆರ್ಡರ್ ಮಾಡಿಸ್ತೀವಿ, ಮಿರರ್ ಆರ್ಡರ್ ಅಂತಾರೆ. ಎರಡು ಕೋರ್ಟಿನ ಮಧ್ಯೆ ಪತ್ರ ಓಡಾಡ್ಸಿದ್ರೆ ಮಗು ಹೈಸ್ಕೂಲಿಗೆ ಬಂದಿರುತ್ತೆ.

ಎಡಿಸನ್ ಎಕ್ಸ್‌ಪ್ರೆಸ್:

ನ್ಯೂಜೆರ್ಸಿಯಿಂದ. ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಕಡೆಯಿಂದ ಇಂಡಿಯಾದ ವಕೀಲರಿಗೆ ಯಾಕೆ ಫೋನ್ ಬರುತ್ತೆ ಅಂತ ಹೇಳ್ತೀನಿ, ಯಾಕಂದ್ರೆ ನನಗೆ ಇಂಡಿಯನ್ ಲಾ ಬಗ್ಗೆ ಸಲಹೆ ಕೊಡೋಕ್ಕೆ ಇಲ್ಲಿ ಲೈಸೆನ್ಸ್ ಇಲ್ಲ, ಕನ್ನಡ ಬರುತ್ತೆ ಅಂದ ಮಾತ್ರಕ್ಕೆ ಹೇಳೋ ಹಾಗಿಲ್ಲ. ಕಕ್ಷಿದಾರರು ಇಲ್ಲಿ ಡೈವೋರ್ಸ್ ಸಿಕ್ತು ಅಂತ ಸ್ವೀಟ್ ಹಂಚಿರ್ತಾರೆ, 1991ರ ನರಸಿಂಹರಾವ್ ಕೇಸು ಅಂತ ಒಂದಿದೆ, ಮದುವೆ ಆದ ಕಾನೂನಿನ ಕಾರಣದ ಮೇಲೆ ಡೈವೋರ್ಸ್ ಆಗಿರ್ಬೇಕು ಅಥವಾ ಇನ್ನೊಬ್ಬರು ಮನಸ್ಸಿಂದ ಆ ಕೋರ್ಟಿಗೆ ಒಪ್ಕೊಂಡಿರ್ಬೇಕು ಅಂತೆಲ್ಲ ಸುಪ್ರೀಂ ಕೋರ್ಟ್ ಹೇಳಿದೆ ಅಂದಾಗ ಮುಖ ಸಣ್ಣಗಾಗುತ್ತೆ. ಆಗ ಬೆಂಗಳೂರಿನ ಒಬ್ಬರಿಗೆ ಫೋನ್ ಮಾಡ್ತೀನಿ.

ಯಾರಿಗೆ ಮಾಡ್ತೀನಿ? ಹಿಂದಿನ ಸಲ ನನಗೆ "ಇದು ನನ್ನ ಕೆಲಸ ಅಲ್ಲ, ಇವರಿಗೆ ಕೇಳಿ" ಅಂದವರಿಗೆ. ಎಲ್ಲಾ ಮಾಡ್ತೀವಿ ಸರ್, ಪ್ರಾಪರ್ಟಿ ಕ್ರಿಮಿನಲ್ ಟ್ಯಾಕ್ಸ್ ವೀಸಾ ಎಲ್ಲಾ ಒಂದೇ ಕಡೆ ಅನ್ನೋರ ನಂಬರ್ ನಾನು ಸೇವ್ ಮಾಡಲ್ಲ. ಮತ್ತೆ ಚಿಕ್ಕ ಚಿಕ್ಕದು ನೆನಪಿಟ್ಕೊಳ್ಳೋರು. ಬೆಂಗಳೂರಿನ ಒಬ್ಬರು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಜಿಪಿಎ (ಪವರ್ ಆಫ್ ಅಟಾರ್ನಿ) ಬೇಕು ಅಂದಾಗ ನಾಲ್ಕು ಸಾಲಲ್ಲಿ ಬರೆದು ಕಳಿಸಿದ್ರು: ರಿಜಿಸ್ಟ್ರೇಷನ್ ಆ್ಯಕ್ಟ್ ಸೆಕ್ಷನ್ 33ರ ಪ್ರಕಾರ ನೋಟರಿ ಅಥವಾ ಕಾನ್ಸುಲೇಟ್ ಮುಂದೆ ಸಹಿ, ಪ್ರತಿ ಪುಟಕ್ಕೂ ಸಹಿ, ಫೋಟೋ ಅಂಟಿಸಿ, ಇಂಡಿಯಾಕ್ಕೆ ಬಂದು ಮೂರು ತಿಂಗಳೊಳಗೆ ಸ್ಟ್ಯಾಂಪ್ ಮಾಡಿಸ್ಬೇಕು, ಹಾಗಾಗಿ ಕೊರಿಯರ್ ಕವರ್ ಬಿಸಾಡ್ಬೇಡಿ, ಬಂದ ದಿನಾಂಕಕ್ಕೆ ಅದೇ ಸಾಕ್ಷಿ. ಕವರ್ ಬಿಸಾಡ್ಬೇಡಿ ಅಂತ ಯಾವ ಪುಸ್ತಕದಲ್ಲೂ ಇಲ್ಲ. ನಾನು ಅವರಿಗೆ ಬದಲಿಗೆ ಹೇಳಿದ್ದು ನಮ್ಮಲ್ಲಿ ಅಪಾಸ್ಟಿಲ್ (ಹೊರದೇಶದಲ್ಲಿ ಬಳಸೋ ಕಾಗದಕ್ಕೆ ಸರ್ಕಾರಿ ದೃಢೀಕರಣ) ಕೊಡೋದು ಖಜಾನೆ ಇಲಾಖೆ ಅಂತ, ನ್ಯೂಯಾರ್ಕಿನಲ್ಲಾದ್ರೆ ಮೊದಲು ಕೌಂಟಿ ಕ್ಲರ್ಕ್ ಹತ್ರ ನೋಟರಿ ಸಹಿ ದೃಢೀಕರಣ ಆಮೇಲೆ ಡಿಪಾರ್ಟ್‌ಮೆಂಟ್ ಆಫ್ ಸ್ಟೇಟ್. ಇದು ಗೊತ್ತಿಲ್ದೆ ಅವರ ಇನ್ನೊಬ್ಬ ಕಕ್ಷಿದಾರ ಕ್ವೀನ್ಸಿನಲ್ಲಿ ಎರಡು ಸಲ ವಾಪಸ್ ಬಂದಿದ್ನಂತೆ.

ಜೂನಿಯರ್ 3ನೇ ವರ್ಷ:

ಸರ್ ಒಂದು ಡೌಟು. ಹೀಗೆ ಕೇಸ್ ಕಳಿಸಿದ್ರೆ ರೆಫರಲ್ ಪರ್ಸೆಂಟೇಜ್ ಕೊಡ್ತಾರಾ? ನನಗೆ ಒಬ್ಬರು 20 ಪರ್ಸೆಂಟ್ ಅಂತ ಆಫರ್ ಮಾಡಿದಾರೆ, ಕೆನಡಾ ಕಡೆಯವರು, ವಕೀಲರೋ ಕನ್ಸಲ್ಟೆಂಟೋ ಗೊತ್ತಿಲ್ಲ.

ಹಳೇ ಕರಿಕೋಟು:

ತಮ್ಮಾ, ಸನದು ಮನೆ ಗೋಡೆ ಮೇಲೆ ಇರ್ಬೇಕು ಅಂದ್ರೆ ಆ ಮೆಸೇಜಿಗೆ ಉತ್ತರ ಕೊಡಬೇಡ. ಬಾರ್ ಕೌನ್ಸಿಲ್ ನಿಯಮ ಸ್ಪಷ್ಟ ಇದೆ, ಅಡ್ವೊಕೇಟ್ ಅಲ್ಲದವರ ಜೊತೆ ಫೀಸ್ ಹಂಚ್ಕೊಳ್ಳೋ ಯಾವ ಏರ್ಪಾಡೂ ಮಾಡ್ಕೋಬಾರ್ದು. ಅಡ್ವೊಕೇಟ್ ಅಂದ್ರೆ ನಮ್ಮ 1961ರ ಕಾಯ್ದೆ ಕೆಳಗೆ ರೋಲ್ ಮೇಲಿರೋನು, ಕೆನಡಾದವನು ಅಲ್ಲಿ ಎಷ್ಟೇ ದೊಡ್ಡ ವಕೀಲ ಆಗಿರ್ಲಿ. ಜೊತೆಗೆ 36ನೇ ರೂಲು, ಜಾಹೀರಾತು ಇಲ್ಲ, ದಲ್ಲಾಳಿ ಇಟ್ಟು ಕೇಸ್ ಹಿಡಿಯೋದು ಇಲ್ಲ. 2024ರಲ್ಲಿ ಮದ್ರಾಸ್ ಹೈಕೋರ್ಟ್ ಆನ್‌ಲೈನ್ ಪೋರ್ಟಲ್ ಮೂಲಕ ಕೇಸ್ ಹಿಡಿಯೋರ ಮೇಲೆ ಕ್ರಮ ತಗೊಳ್ಳಿ ಅಂತ ಬಾರ್ ಕೌನ್ಸಿಲ್ಲಿಗೇ ಹೇಳಿದೆ, ಓದ್ಕೋ.

ಎಡಿಸನ್ ಎಕ್ಸ್‌ಪ್ರೆಸ್:

ಇಲ್ಲಿ ಬೇರೆ ಥರ. ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮ 1.5ರಲ್ಲಿ ಬೇರೆ ಫರ್ಮಿನ ವಕೀಲರು ಫೀಸ್ ಹಂಚ್ಕೋಬಹುದು, ಆದ್ರೆ ಮಾಡಿದ ಕೆಲಸಕ್ಕೆ ತಕ್ಕ ಹಾಗೆ ಅಥವಾ ಇಬ್ಬರೂ ಜವಾಬ್ದಾರಿ ಹೊತ್ರೆ, ಅದೂ ಕಕ್ಷಿದಾರ ಬರವಣಿಗೆಯಲ್ಲಿ ಒಪ್ಪಿದ್ರೆ. ರಾಜ್ಯಕ್ಕೊಂದು ಬದಲಾವಣೆ ಇರುತ್ತೆ. ಹಾಗಾಗಿ ಇಲ್ಲಿಯವರು ಒಳ್ಳೇ ಮನಸ್ಸಿಂದಲೇ ಪರ್ಸೆಂಟೇಜ್ ಮಾತು ಎತ್ತಬಹುದು, ಇಂಡಿಯಾದವರು ಬೇಡ ಅಂದ್ರೆ ಯಾಕೆ ಅಂತ ಆಶ್ಚರ್ಯ ಪಡ್ತಾರೆ. ಒಂದು ಸಲ ನಾನೇ ಕೇಳಿ ಮಾತು ಕೇಳಿಸ್ಕೊಂಡಿದೀನಿ. ಮತ್ತೆ ಜೂನಿಯರ್, ಸಾಲ ವಸೂಲಿ ಮಾಡ್ಕೊಡಿ ಅಂತ ಎಲ್ಲಿಂದಲೋ ಕಂಪನಿ ಮೇಲ್ ಹಾಕುತ್ತೆ, ನೀವು ಒಂದು ನೋಟಿಸ್ ಕೊಟ್ಟ ತಕ್ಷಣ ಸಾಲಗಾರ ಪೂರ್ತಿ ಚೆಕ್ ಕಳಿಸ್ತಾನೆ, ಫೀಸ್ ಮುರ್ಕೊಂಡು ಉಳಿದಿದ್ದು ವೈರ್ ಮಾಡಿ ಅಂತಾರೆ, ಆಮೇಲೆ ಚೆಕ್ ನಕಲಿ. ಇಲ್ಲಿ ಎಷ್ಟೋ ಜನ ವಕೀಲರು ಇದರಲ್ಲಿ ಬಿದ್ದಿದಾರೆ. ನೋಟಿಸಿಗೆ ಹೆದರಿ ಒಂದೇ ವಾರಕ್ಕೆ ಪೂರ್ತಿ ಸಾಲ ಕಟ್ಟೋ ಸಾಲಗಾರ ಭೂಮಿ ಮೇಲೆ ಇಲ್ಲ.

ಹಳೇ ಕರಿಕೋಟು:

ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು. ಸೀನಿಯರ್ ಚೇಂಬರಲ್ಲಿ ಮಾರ್ಟಿಂಡೇಲ್ ಹಬ್ಬೆಲ್ ಅಂತ ವಕೀಲರ ಡೈರೆಕ್ಟರಿ, ಒಂದೊಂದು ಸಂಪುಟ ಒಂದೊಂದು ಸೇರು ಕಲ್ಲಿನ ಥರ. ಅದರಲ್ಲಿ ಹೆಸರು ಹುಡುಕಿ ಏರ್‌ಮೇಲ್ ಬರೆಯೋದು, ಮೂರು ವಾರಕ್ಕೆ ಉತ್ತರ ಬಂದ್ರೆ ಪುಣ್ಯ. ಆದ್ರೆ ಬಂದ ಉತ್ತರ ಎರಡು ಪುಟ ಇರ್ತಿತ್ತು, ಯೋಚನೆ ಮಾಡಿ ಬರೆದಿರೋರು. ಈಗ ಎರಡು ನಿಮಿಷಕ್ಕೆ ಹೆಬ್ಬೆರಳು ಎತ್ತಿದ ಚಿತ್ರ ಬರುತ್ತೆ. ಒಪ್ಕೊಂಡ ಅಂತಲೋ ಓದಿದ ಅಂತಲೋ ತಿಳಿಯಲ್ಲ.

ಕುಡ್ಲದ ಕರಿಕೋಟು:

ಸೋಮವಾರ ಆಯ್ತು, ಉತ್ತರ ಬಂತು. ಕೊಚ್ಚಿಯವರ ವಾಯ್ಸ್ ನೋಟು 40 ಸೆಕೆಂಡು, ಸಾರಾಂಶ ಹಾಕ್ತೇನೆ. ಆ "ಪರ್ಫಾರ್ಮೆನ್ಸ್ ಆರ್ಡರ್" ಅನ್ನೋದು ಅರೇಬಿಕಲ್ಲಿ "ಅಮ್ರ್ ಅದಾ", ಪದಕ್ಕೆ ಪದ ಇಟ್ಟು ಹಾಗೆ ಮಾಡ್ತಾರೆ. ಸರಿಯಾದ ಅರ್ಥ ಪೇಮೆಂಟ್ ಆರ್ಡರ್. ಸಾಲ ಬರವಣಿಗೆಯಲ್ಲಿ ಒಪ್ಕೊಂಡದ್ದು ಇದ್ದು ಮೊತ್ತ ನಿಖರ ಇದ್ರೆ ಬ್ಯಾಂಕಿನವರು ಅರ್ಜಿ ಹಾಕಿ, ಎರಡೂ ಕಡೆ ಕರೆದು ವಿಚಾರಣೆ ಮಾಡದೆ ಜಡ್ಜ್ ಕಾಗದ ನೋಡಿ ಆರ್ಡರ್ ಮಾಡುವ ದಾರಿ ಅದು. ಪೂರ್ತಿ ಕೇಸ್ ಅಲ್ಲ. ಪೂರ್ತಿ ಕೇಸ್ ಆಗಿದ್ರೆ ಸಾಮಾನ್ಯವಾಗಿ ಲೆಕ್ಕದ ಎಕ್ಸ್‌ಪರ್ಟ್ ನೇಮಕ ಆಗಿ ರಿಪೋರ್ಟ್ ಬಂದಿರ್ತದೆ, ಆಗ ಮೆರಿಟ್ಸ್ ಮೇಲೆ, ಅಂದ್ರೆ ಸರಿ ತಪ್ಪು ತೂಗಿ, ಆಗಿಲ್ಲ ಅನ್ನೋ ನಿಮ್ಮ ವಾದ ಬಿದ್ದೇ ಹೋಗ್ತಿತ್ತು. ಈಗ ಅದೇ ವಾದದ ಸೆಕ್ಷನ್ 13(ಬಿ) ಗಟ್ಟಿ ಹಿಡಿರಿ, 2001ರ ಇಂಟರ್‌ನ್ಯಾಷನಲ್ ವೂಲನ್ ಮಿಲ್ಸ್ ಕೇಸು ಜೊತೆಗೆ ಓದಿ. ಗೆಲ್ತೀರಿ ಅಂತ ನಾನು ಹೇಳುದಿಲ್ಲ, ಬ್ಯಾಂಕಿನವರು ದಾಖಲೆ ನೋಡಿಯೇ ಆರ್ಡರ್ ಆಗಿದೆ, ಮೇಲ್ಮನವಿಗೆ ಅವಕಾಶ ಇತ್ತು ಅಂತ ವಾದ ಮಾಡ್ಯಾರು.

ಇನ್ನೊಂದು ಹೇಳಿದ್ರು. ಈ ವಾಯ್ಸ್ ನೋಟು ಕೋರ್ಟಿಗೆ ಪ್ರಯೋಜನ ಇಲ್ಲ, ಅದು ನಿಮ್ಮ ಕಣ್ಣು ತೆರೆಸ್ಲಿಕ್ಕೆ ಮಾತ್ರ. ಅಲ್ಲಿನ ಕಾನೂನು ಹೀಗೆ ಅಂತ ಕೋರ್ಟಿಗೆ ತೋರಿಸ್ಲಿಕ್ಕೆ ಅಲ್ಲಿಯ ಅಡ್ವೊಕೇಟರ ಒಪಿನಿಯನ್ ಅಫಿಡವಿಟ್ ಬೇಕು, ಅದಕ್ಕೆ ಫೀಸ್ ಉಂಟು, ಆದ್ರೆ ನೀವು ಮೊದಲು ಕೇಳಿದವರು ಹೇಳಿದಷ್ಟು ಇಲ್ಲ. ಕೋರ್ಟ್ ಫೈಲ್ ನಕಲು ಬೇಕಾದ್ರೆ ಕಕ್ಷಿದಾರನ ಪವರ್ ಆಫ್ ಅಟಾರ್ನಿ. ಯುಎಇ ಅಪಾಸ್ಟಿಲ್ ಒಪ್ಪಂದದಲ್ಲಿ ಇಲ್ಲ, ಹಾಗಾಗಿ ಇಲ್ಲಿ ನೋಟರಿ, ಹೋಮ್ ಡಿಪಾರ್ಟ್‌ಮೆಂಟು, ದೆಹಲಿ ವಿದೇಶಾಂಗ ಇಲಾಖೆ, ಯುಎಇ ರಾಯಭಾರ ಕಚೇರಿ, ಮತ್ತೆ ಅಲ್ಲಿ ಅವರ ವಿದೇಶಾಂಗ ಇಲಾಖೆ, ಆಮೇಲೆ ಅರೇಬಿಕ್ ಅನುವಾದ. ಇವತ್ತೇ ಶುರು ಮಾಡಿ, ಡೇಟಿಗೆ ಆಗ್ಲಿಕ್ಕಿಲ್ಲ, ಟೈಮ್ ಕೇಳಿ.

ಬೆಣ್ಣೆದೋಸೆ ವಕೀಲ:

ಸರ್, ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ. ಆ ಎರಡು ಪದ ನನ್ನ ಕಣ್ಣ ಮುಂದೆ ಒಂದು ತಿಂಗಳಿಂದ ಇತ್ತು. ಐದು ಫರ್ಮಿಗೆ ಅದೇ ಪಿಡಿಎಫ್ ಕಳಿಸಿದ್ದೆ. ಅವರಿಗೆ ಏನು ಕೊಡ್ಲಿ?

ಕುಡ್ಲದ ಕರಿಕೋಟು:

ಕೇಳಿದೆ. ಈಗ ಎಂಥದೂ ಬೇಡ, ದಾವಣಗೆರೆ ಕಡೆ ನನಗೆ ಯಾರೂ ಇಲ್ಲ, ನಂಬರ್ ಕೊಡಿ ಅಂದ್ರು. ಕೊಟ್ಟಿದ್ದೇನೆ.

ಲಂಡನ್ ತುಂತುರು:

ಅದಾಯ್ತಲ್ಲ, ಇನ್ಮೇಲೆ ನಿಮ್ಮ ಸರದಿ ಸರ್.

ಬೆಣ್ಣೆದೋಸೆ ವಕೀಲ (ಐದು ವಾರದ ಮೇಲೆ):

ಅಪ್‌ಡೇಟ್ ಕೊಡ್ಬೇಕಿತ್ತು, ತಡ ಆಯ್ತು, ಕ್ಷಮಿಸಿ. ಕೇಸಿನ ಬಗ್ಗೆ ಇಲ್ಲಿ ಜಾಸ್ತಿ ಬರಿಯಲ್ಲ, ಮೇಡಂ ಬೈತಾರೆ. ತಕರಾರು ಅರ್ಜಿ ಹಾಕಾಯ್ತು, ಅಟ್ಯಾಚ್‌ಮೆಂಟ್ ಸದ್ಯಕ್ಕೆ ಮುಂದಕ್ಕೆ ಹೋಗಿದೆ, ಪವರ್ ಆಫ್ ಅಟಾರ್ನಿ ದೆಹಲಿಯಲ್ಲಿದೆ. ಎದುರುಗಾರರ ವಕೀಲರು ಬಾರ್ ರೂಮಲ್ಲಿ ಚಹಾ ಕುಡೀತಾ ಆ ಅರೇಬಿಕ್ ಪದ ನಿಮಗೆ ಹೇಗೆ ಗೊತ್ತಾಯ್ತು ಅಂದ್ರು. ಓದಿದೆ ಅಂದೆ.

ಹೇಳ್ಬೇಕಾಗಿದ್ದು ಬೇರೆ. ಹೋದ ಗುರುವಾರ ರಾತ್ರಿ ಹತ್ತೂವರೆಗೆ ಕೊಚ್ಚಿಯವರ ಮೆಸೇಜು. ಅವರ ಕಕ್ಷಿದಾರ ಒಬ್ಬರು ನಮ್ಮ ಕಡೆ ಜಮೀನು ತಗೊಳ್ಳೋಕ್ಕೆ ಅಡ್ವಾನ್ಸ್ ಕೊಡೋ ತಯಾರಿಯಲ್ಲಿ ಇದಾರೆ, ಪಹಣಿ ಫೋಟೋ ಕಳಿಸಿದ್ರು, ಎಲ್ಲಾ ಸರಿ ಇದೆಯಾ ಅಂತ. ನೋಡಿದ್ರೆ 9ನೇ ಕಾಲಂನಲ್ಲಿ ಮಾರೋನ ಹೆಸರು ಚೆನ್ನಾಗಿದೆ, 11ನೇ ಕಾಲಂನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ತಡೆಯಾಜ್ಞೆ ನಮೂದಾಗಿದೆ, ಓಎಸ್ (ದಾವೆ) ನಂಬರ್ ಸಮೇತ. ಬೆಳಿಗ್ಗೆ ಕೋರ್ಟಿಗೆ ಹೋದಾಗ ನೋಡ್ದೆ, ಪಾಲಿನ ದಾವೆ, ಅಕ್ಕ ತಂಗಿಯರು ಹಾಕಿರೋದು, ಇನ್ನೂ ಪೆಂಡಿಂಗು. ಮೂರು ಸಾಲು ಬರೆದು ಕಳಿಸ್ದೆ. ದಿರ್ಹಂನಲ್ಲಿ ಫೀಸ್ ಹೇಳೋಣ ಅಂತ ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ.

ಧಾರವಾಡ ಪೇಢೆ:

ಹೇಳಬೇಕಿತ್ರೀ, ಆಟೋ ರಿಪ್ಲೈದಾಗ.

ಜೂನಿಯರ್ 3ನೇ ವರ್ಷ:

ಸರ್ ನಾನು ಆ 400ರಲ್ಲಿ ಮೂರು ಜನಕ್ಕೆ ಫೋನ್ ಮಾಡ್ದೆ. ಒಬ್ಬರು ಎತ್ತಿದ್ರು, ಮಸ್ಕತ್‌ನಲ್ಲಿದಾರೆ, ಬೇಸಿಕಲಿ ತುಂಬಾ ಒಳ್ಳೆಯವರು, ಅವರ ಹತ್ರ ಒಮಾನ್ ಕೋರ್ಟಿನ ಡಿಕ್ರಿ ಇದೆಯಂತೆ, ಬಳ್ಳಾರಿಯ ಒಬ್ಬರ ಮೇಲೆ, 44ಎ ಹಾಕಿ ಅಂತ ಕೇಳ್ತಿದಾರೆ. ಹೂಂ ಅನ್ಲಾ?

ಕುಡ್ಲದ ಕರಿಕೋಟು:

ಅನ್ಬೇಡಿ ಅನ್ಬೇಡಿ. ಒಮಾನ್ ಆ ರೆಸಿಪ್ರೊಕೇಟಿಂಗ್ ಪಟ್ಟಿಯಲ್ಲೇ ಇಲ್ಲ ಮಾರಾಯ್ರೇ. ಡಿಕ್ರಿ ಆಧಾರದ ಮೇಲೆ ಹೊಸ ದಾವೆಯೇ ಹಾಕ್ಬೇಕು, ಲಿಮಿಟೇಶನ್ ಆ್ಯಕ್ಟ್ ಆರ್ಟಿಕಲ್ 101, ಡಿಕ್ರಿ ಆದಲ್ಲಿಂದ 3 ವರ್ಷ. ಡಿಕ್ರಿಯ ತಾರೀಕು ಯಾವುದು ಅಂತ ಮೊದಲು ಕೇಳಿ. ಕೇಳಿ ಅವರಿಗೆ ಹಾಗೇ ಹೇಳಿ, 44ಎ ಆಗುದಿಲ್ಲ, ಯಾಕೆ ಆಗುದಿಲ್ಲ ಅಂತ. ಒಮಾನ್ ಅಪಾಸ್ಟಿಲ್ ಒಪ್ಪಂದದಲ್ಲಿ ಉಂಟು, ಹಾಗಾಗಿ ಕಾಗದದ ಅಲೆದಾಟ ಬೆಣ್ಣೆದೋಸೆಯವರಷ್ಟು ಇಲ್ಲ.

ಜೂನಿಯರ್ 3ನೇ ವರ್ಷ:

ಕೇಳ್ದೆ ಸರ್. ಎರಡು ವರ್ಷ ಹತ್ತು ತಿಂಗಳಾಗಿದೆಯಂತೆ. ಬಳ್ಳಾರಿಯಲ್ಲಿ ಸಿವಿಲ್ ಸೈಡ್ ಯಾರಾದ್ರೂ ಇದೀರಾ? ಅರ್ಜೆಂಟು.